ಹೇನು ಮತ್ತು ಕೂರೆಯ ಚರಿತ್ರೆ



ಚರಿತ್ರೆಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವರು ಅರಸರು, ದಂಡನಾಯಕರು, ಮಂತ್ರಿಗಳು. ಗೆದ್ದವರ ಹೆಸರು ಶಿಲೆಯಲ್ಲಿ ಉಳಿಯುತ್ತದೆ. ಸೋತವರ ಹೆಸರು ಗೆದ್ದವರ ಬಿರುದಿನಲ್ಲಿ ಉಳಿಯುತ್ತದೆ. ಆದರೆ ಗೆದ್ದವರನ್ನೂ ಸೋತವರನ್ನೂ ಒಂದೇ ಸಮನಾಗಿ ಸೋಲಿಸಿದ ಪ್ರಾಣಿಯೊಂದುಂಟು. ಅದರ ಗಾತ್ರ ಎಳ್ಳಿನ ಕಾಳಿನಷ್ಟು. ಅದಕ್ಕೆ ರೆಕ್ಕೆಯಿಲ್ಲ; ನೆಗೆಯುವ ಶಕ್ತಿಯೂ ಇಲ್ಲ. ನಾಲ್ಕು ಜನರ ನಡುವೆ ಅದರ ಹೆಸರೆತ್ತುವುದಕ್ಕೇ ನಾವು ಸಂಕೋಚಪಡುತ್ತೇವೆ. ಆ ಪ್ರಾಣಿಯೇ ಹೇನು. ಅದರ ಹೆಸರುಗಳನ್ನು ಮೊದಲು ವಿಚಾರಿಸಿ, ಬಳಿಕ ಅದರ ಸ್ವಭಾವವನ್ನೂ, ಅದು ಮಾನವನ ಚರಿತ್ರೆಯಲ್ಲಿ ನಡೆಸಿರುವ ಕಾರ್ಯಗಳನ್ನೂ ಇಂದು ನೋಡೋಣ.

'ಹೇನು' ಎಂಬುದರ ಹಳೆಯ ರೂಪ 'ಪೇನ್'. ಹಳಗನ್ನಡದ ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಪೇನ್ ಎಂಬುದು ಹೇನಾಯಿತು. ತಮಿಳರಿಗೂ ತುಳುವರಿಗೂ ಅದು ಇಂದಿಗೂ ಪೇನ್, ತೆಲುಗರಿಗೆ ಪೇನು. ಹೇನಿನ ಮೊಟ್ಟೆಗೆ ನಮ್ಮಲ್ಲಿ ಸೀರು ಎಂದೂ ಈರು ಎಂದೂ ಹೆಸರು. ತಮಿಳಿನಲ್ಲಿ ಅದು ಈರ್, ತೆಲುಗಿನಲ್ಲಿ ಈರು. ಸೀರನ್ನು ಕೂದಲಿನಿಂದ ಬಿಡಿಸುವ ಒತ್ತುಹಲ್ಲಿನ ಬಾಚಣಿಗೆಗೆ ಸೀರಣಿಗೆ ಎಂಬ ಹೆಸರು ಹಳ್ಳಿಗಳಲ್ಲಿ ಬಳಕೆಯಲ್ಲುಂಟು. ಒಡಹುಟ್ಟಿದ ಭಾಷೆಗಳೆಲ್ಲಕ್ಕೂ ಒಂದು ಶಬ್ದ ಸಾಧಾರಣವಾಗಿದ್ದರೆ, ಆ ಭಾಷೆಗಳು ಕವಲೊಡೆಯುವುದಕ್ಕೆ ಮುಂಚೆಯೇ ಆ ಶಬ್ದವಿತ್ತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಆದುದರಿಂದ ಕನ್ನಡವು ಕನ್ನಡವಾಗುವುದಕ್ಕೆ ಮೊದಲೇ ನಮ್ಮ ಪೂರ್ವಿಕರು ತಲೆ ಕೆರೆದುಕೊಳ್ಳುತ್ತಿದ್ದರೆಂಬುದು ನಿಸ್ಸಂಶಯ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಶಬ್ದ ಕನ್ನಡದಲ್ಲಿದೆ. ಅದು 'ಕೂರೆ'. ತಲೆಯಲ್ಲಿರುವುದು ಹೇನು, ಬಟ್ಟೆಯಲ್ಲಿರುವುದು ಕೂರೆ. ಕೂರೆಗೆ ಹೆದರಿ ಸೀರೆ ಬಿಸಾಡಿದ ಹಾಗೆ ಎಂಬ ಗಾದೆಯನ್ನು ತಾವು ಕೇಳಿರಬಹುದು. ತಮಿಳರು ಇದನ್ನು ಶೀಲೈಪ್ಪೇನ್ ಎಂದೂ ತೆಲುಗರು ಚೀರಪೇನು ಎಂದೂ ಕರೆಯುತ್ತಾರೆ. ಎರಡಕ್ಕೂ ಸೀರೆಯ ಹೇನು ಎಂದೇ ಅರ್ಥ. ಆ ಭಾಷೆಗಳು ಎರಡು ಪದಗಳನ್ನು ಕೂಡಿಸಿ ಹೇಳುವುದನ್ನು ಕನ್ನಡವು ಒಂದೇ ಪದದಲ್ಲಿ ಹೇಳುತ್ತದೆ. ಮಂಚದ ಸಂದಿನ ತಿಗಣೆ, ಇಲಿಯ ಮೈಮೇಲಿನ ಚಿಗಟ, ದನದ ಮೈಮೇಲಿನ ಉಣ್ಣೆ, ತಲೆಯ ಹೇನು, ಬಟ್ಟೆಯ ಕೂರೆ, ಹೀಗೆ ರಕ್ತ ಹೀರುವ ಪ್ರತಿಯೊಂದಕ್ಕೂ ಬೇರೆ ಬೇರೆ ಹೆಸರಿಟ್ಟ ನಮ್ಮ ಹಿರಿಯರ ಕಣ್ಣು ಚುರುಕಾಗಿತ್ತು. ಹೇನಿಗೂ ಕೂರೆಗೂ ಉಳ್ಳ ಈ ಭೇದವು ಬರಿಯ ಶಬ್ದಭೇದವಲ್ಲ, ಕೋಟ್ಯಂತರ ಜನರ ಜೀವಮರಣಗಳ ಭೇದವೆಂಬುದು ವೈದ್ಯಶಾಸ್ತ್ರಕ್ಕೆ ಖಚಿತವಾದದ್ದು ಇಪ್ಪತ್ತನೆಯ ಶತಮಾನದಲ್ಲಿ.

ಇನ್ನು ಈ ಪ್ರಾಣಿಯ ಸ್ವಭಾವ. ಹೇನಿಗೆ ಆರು ಕಾಲುಗಳು. ಪ್ರತಿಯೊಂದು ಕಾಲಿನ ತುದಿಯಲ್ಲಿಯೂ ಕೊಕ್ಕೆಯಂಥ ಒಂದು ಉಗುರು. ಆ ಕೊಕ್ಕೆಯ ಅಳತೆ ಕೂದಲೆಳೆಯ ದಪ್ಪಕ್ಕೆ ಸರಿಹೊಂದುವಂತಿದೆ. ಅದು ಮನುಷ್ಯನ ರಕ್ತದ ಹೊರತು ಬೇರೇನನ್ನೂ ಉಣ್ಣದು. ನಾಯಿ, ಹಸು, ಕೋಳಿಗಳ ಹೇನುಗಳು ಬೇರೆ ಜಾತಿಯವು. ಅವು ನಮ್ಮ ಮೇಲೆ ನೆಲಸುವುದಿಲ್ಲ. ತಲೆಯ ಹೇನು ಕೂದಲಿನ ಬುಡದಲ್ಲಿ ಮೊಟ್ಟೆಯನ್ನು ಅಂಟಿನಿಂದ ಬಿಗಿಯುತ್ತದೆ. ಒಂದು ವಾರ ಒಂಬತ್ತು ದಿನಗಳಲ್ಲಿ ಮರಿ ಹೊರಬರುತ್ತದೆ. ಒಂದು ಹೇನಿನ ಆಯುಸ್ಸು ಸುಮಾರು ಒಂದು ತಿಂಗಳು. ತಲೆಯಿಂದ ಕೆಳಗೆ ಬಿದ್ದರೆ ಒಂದೆರಡು ದಿನಗಳೊಳಗೆ ಸಾಯುತ್ತದೆ. ಅದು ಒಂದು ತಲೆಯಿಂದ ಇನ್ನೊಂದು ತಲೆಗೆ ಹೋಗುವುದು ತಲೆಗೆ ತಲೆ ತಾಗಿದಾಗ. ಶುಚಿಯಾದ ತಲೆಯೆಂದು ಅದು ದೂರ ಸರಿಯುವುದೂ ಇಲ್ಲ, ಕೊಳೆಯಾದ ತಲೆಯೆಂದು ಹುಡುಕಿಕೊಂಡು ಬರುವುದೂ ಇಲ್ಲ.

ಕೂರೆಯ ಸಂಸಾರ ಬೇರೆ. ಅದರ ಮನೆ ಬಟ್ಟೆಯ ಹೊಲಿಗೆ. ಅಲ್ಲಿಯೇ ಅದು ಮೊಟ್ಟೆಯಿಡುತ್ತದೆ. ಹಸಿವಾದಾಗ ಮಾತ್ರ ಮೈಮೇಲೆ ಬಂದು ಉಂಡು, ಮತ್ತೆ ಮಡಿಕೆಯೊಳಗೆ ಸೇರುತ್ತದೆ. ಆದಕಾರಣ ಬಟ್ಟೆಯನ್ನು ಬದಲಾಯಿಸಿ, ಬಿಸಿನೀರಿನಲ್ಲಿ ಒಗೆಯುವವನ ಬಳಿ ಕೂರೆ ಬಾಳಲಾರದು. ಬದಲಾಯಿಸಲು ಎರಡನೆಯ ಬಟ್ಟೆಯಿಲ್ಲದವನು, ಚಳಿಗೆ ಇದ್ದ ಬಟ್ಟೆಯನ್ನೆಲ್ಲ ಹೊದ್ದು ಮಲಗುವವನು, ಒಗೆಯಲು ನೀರಿಲ್ಲದವನು, ಇಕ್ಕಟ್ಟಿನಲ್ಲಿ ನೂರು ಜನರ ನಡುವೆ ಬಿದ್ದಿರುವವನು, ಇವರೇ ಕೂರೆಗೆ ಆಶ್ರಯದಾತರು. ಸೈನಿಕರು, ಸೆರೆಯಾಳುಗಳು, ಬರಗಾಲದಲ್ಲಿ ಊರು ಬಿಟ್ಟವರು ಎಂದರೆ ಸರಿಹೋದೀತು.

ಬಟ್ಟೆಯಿಲ್ಲದೆ ಕೂರೆಯಿಲ್ಲ. ಈ ಸುಲಭವಾದ ಮಾತಿನಿಂದ ವಿದ್ವಾಂಸರು ಒಂದು ದೊಡ್ಡ ಪ್ರಶ್ನೆಗೆ ಉತ್ತರವನ್ನು ಹುಡುಕಿದ್ದಾರೆ. ಮನುಷ್ಯನು ಬಟ್ಟೆ ತೊಡಲು ಆರಂಭಿಸಿದ್ದು ಎಂದು? ತೊಗಲೂ ನಾರೂ ಮಣ್ಣಿನಲ್ಲಿ ಕರಗಿಹೋಗುವುದರಿಂದ ಅಗೆದು ನೋಡಿ ಹೇಳುವಂತಿಲ್ಲ. ಆದರೆ ತಲೆಯ ಹೇನಿನ ವಂಶದಿಂದ ಕೂರೆಯ ವಂಶವು ಬೇರೆಯಾದ ಕಾಲವನ್ನು ಅವುಗಳ ವಂಶವಾಹಿಗಳನ್ನು ಹೋಲಿಸಿ ಲೆಕ್ಕ ಹಾಕಬಹುದು. ಜರ್ಮನಿಯ ಲೈಪ್ಜಿಗ್ ನಗರದ ವಿದ್ವಾಂಸರು ೨೦೦೩ರಲ್ಲಿ ಆ ಕಾಲವನ್ನು ಸುಮಾರು ೭೦ ಸಾವಿರ ವರ್ಷಗಳ ಹಿಂದೆ ಎಂದು ಗುಣಿಸಿದರು. ೨೦೧೧ರಲ್ಲಿ ಪ್ರಕಟವಾದ ಮತ್ತೊಂದು ಗಣನೆಯು ಅದನ್ನು ೮೩ ಸಾವಿರದಿಂದ ೧ ಲಕ್ಷ ೭೦ ಸಾವಿರ ವರ್ಷಗಳಷ್ಟು ಹಿಂದಕ್ಕೆ ಒಯ್ದಿತು. ನಮ್ಮ ಮೊದಲ ಉಡುಪಿನ ದಾಖಲೆಯನ್ನು ನಾವು ಕಳೆದುಕೊಂಡೆವು. ಕೂರೆಯು ಅದನ್ನು ತನ್ನ ಮೈಯಲ್ಲಿ ಕಾಪಾಡಿಕೊಂಡು ಬಂದಿದೆ.

ಬರಹವೆಂಬುದು ಹುಟ್ಟಿದ ಮೇಲೆ ಹೇನು ಬರಹದೊಳಗೂ ಸೇರಿತು. ಪ್ಯಾಲಸ್ತೀನ್ ಪ್ರಾಂತದ ಪ್ರಾಚೀನ ನಗರವಾದ ಲಾಕೀಷ್ ಎಂಬಲ್ಲಿ ೨೦೧೬ರಲ್ಲಿ ದಂತದ ಚಿಕ್ಕ ಬಾಚಣಿಗೆಯೊಂದು ದೊರೆಯಿತು. ಕೆಲವು ವರ್ಷಗಳ ತರುವಾಯ ಅದರ ಮೇಲೆ ಅತಿ ಸಣ್ಣ ಅಕ್ಷರಗಳಿರುವುದು ಕಂಡುಬಂದು, ೨೦೨೨ರಲ್ಲಿ ಆ ಬರಹವು ಪ್ರಕಟವಾಯಿತು. ಹದಿನೇಳು ಅಕ್ಷರಗಳು, ಏಳು ಮಾತುಗಳು. ಈ ದಂತವು ತಲೆಯ ಮತ್ತು ಗಡ್ಡದ ಹೇನನ್ನು ಬೇರುಸಹಿತ ತೆಗೆಯಲಿ ಎಂಬ ಹಾರೈಕೆಯೇ ಅದರ ತಾತ್ಪರ್ಯ. ಸುಮಾರು ಕ್ರಿ. ಪೂ. ೧೭೦೦ರದೆಂದು ವಿದ್ವಾಂಸರು ಊಹಿಸಿರುವ ಈ ಬರಹವು, ಅಕ್ಷರಮಾಲೆಯ ಲಿಪಿಯಲ್ಲಿ ದೊರೆತಿರುವ ಪೂರ್ಣವಾಕ್ಯಗಳಲ್ಲಿ ಅತ್ಯಂತ ಪ್ರಾಚೀನವಾದವುಗಳಲ್ಲೊಂದು. ಬಾಚಣಿಗೆಯ ಹಲ್ಲಿನ ಸಂದಿನಲ್ಲಿ ಹೇನಿನ ಅವಶೇಷವೂ ಸಿಕ್ಕಿತು.

ನಮ್ಮ ದೇಶದ ಶಾಸ್ತ್ರಗಳಿಗೂ ಹೇನು ಅಪರಿಚಿತವಲ್ಲ. ಸಂಸ್ಕೃತದಲ್ಲಿ ಹೇನಿಗೆ ಯೂಕಾ, ಸೀರಿಗೆ ಲಿಕ್ಷಾ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉದ್ದವನ್ನಳೆಯುವ ಕ್ರಮ ಹೀಗಿದೆ: ಪರಮಾಣುಗಳೆಂಟು ಸೇರಿದರೆ ರಥದ ಚಕ್ರದಿಂದ ಹಾರುವ ಒಂದು ಧೂಳಿನ ಕಣ; ಅಂಥವು ಎಂಟಾದರೆ ಲಿಕ್ಷಾ; ಲಿಕ್ಷೆಗಳೆಂಟಾದರೆ ಯೂಕಾ; ಯೂಕೆಗಳೆಂಟಾದರೆ ಜವೆಯ ಕಾಳಿನ ಮಧ್ಯಭಾಗ; ಅಂಥವು ಎಂಟಾದರೆ ಒಂದು ಅಂಗುಲ. ಅಂದರೆ ಅಂಗುಲದ ಅರವತ್ತನಾಲ್ಕನೆಯ ಒಂದು ಪಾಲು ಹೇನು. ಈ ಲೆಕ್ಕದ ಹೇನು ನಿಜವಾದ ಹೇನಿಗಿಂತ ಬಹಳ ಚಿಕ್ಕದೆಂಬುದು ದಿಟ. ಆದರೂ ಕೋಟೆ ಕೊತ್ತಲಗಳನ್ನು ಅಳೆಯುವ ಶಾಸ್ತ್ರವು ತನ್ನ ಮೊದಲ ಮೆಟ್ಟಿಲುಗಳಲ್ಲಿ ಸೀರನ್ನೂ ಹೇನನ್ನೂ ಇಟ್ಟುಕೊಂಡಿತೆಂದರೆ, ಅವು ಸರ್ವರಿಗೂ ಪರಿಚಿತವಾಗಿದ್ದುವೆಂದೇ ಅರ್ಥವಲ್ಲವೆ? ಈ ಗ್ರಂಥದ ತಾಳೆಯ ಪ್ರತಿಯನ್ನು ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಗುರುತಿಸಿ ೧೯೦೯ರಲ್ಲಿ ಅಚ್ಚು ಹಾಕಿಸಿದವರು ಪಂಡಿತ ಆರ್. ಶಾಮಶಾಸ್ತ್ರಿಗಳೆಂಬುದು ತಮಗೆ ತಿಳಿದಿದೆ. ಆ ವರ್ಷವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿರಿ.

ಚರಕಸಂಹಿತೆಯು ಕ್ರಿಮಿಗಳನ್ನು ವಿಂಗಡಿಸುವಾಗ ಯೂಕೆಯನ್ನು ದೇಹದ ಹೊರಗಿನ ಮಲದಿಂದ ಉಂಟಾಗುವವುಗಳ ಗುಂಪಿಗೆ ಸೇರಿಸಿ, ಶುಚಿಯನ್ನು ಬಿಡುವುದೇ ಅದಕ್ಕೆ ಕಾರಣವೆಂದು ಹೇಳುತ್ತದೆ. ಅದರ ನೆಲೆ ಯಾವುದೆಂದರೆ ಕೂದಲು, ಗಡ್ಡಮೀಸೆ, ರೆಪ್ಪೆ, ಮತ್ತು ಬಟ್ಟೆ. ಬಟ್ಟೆಯನ್ನು ಅಲ್ಲಿ ಹೆಸರಿಸಿರುವುದು ಗಮನಾರ್ಹ. ಮನುಸ್ಮೃತಿಯು ಹೇನನ್ನು ಬೆವರಿನಿಂದ ಹುಟ್ಟುವ ಸ್ವೇದಜಗಳಲ್ಲಿ ಎಣಿಸಿದೆ. ಅತ್ತ ಗ್ರೀಕರ ಅರಿಸ್ಟಾಟಲನೂ ಹೇನು ಪ್ರಾಣಿಯ ಮಾಂಸದಿಂದ ತಾನಾಗಿ ಹುಟ್ಟುತ್ತದೆಂದೇ ನಂಬಿದ್ದನು. ಪಂಚತಂತ್ರದಲ್ಲಿ ಮಂದವಿಸರ್ಪಿಣಿಯೆಂಬ ಹೇನಿನ ಕಥೆ ಬರುತ್ತದೆ. ಅದು ರಾಜನ ಹಾಸಿಗೆಯ ಬಟ್ಟೆಯ ಮಡಿಕೆಯಲ್ಲಿ ವಾಸಮಾಡಿಕೊಂಡು, ರಾಜನು ನಿದ್ರಿಸಿದ ಮೇಲೆ ಮಾತ್ರ ಉಣ್ಣುತ್ತಿತ್ತು. ಅತಿಥಿಯಾಗಿ ಬಂದ ಅಗ್ನಿಮುಖನೆಂಬ ತಿಗಣೆಯು ಆತುರಪಟ್ಟು ಕಚ್ಚಿ ಓಡಿಹೋಯಿತು. ಮೆಲ್ಲನೆ ಹರಿಯುವ ಹೇನು ಸಿಕ್ಕಿಬಿದ್ದು ಸತ್ತಿತು. ನೀತಿಯ ಮಾತು ಹಾಗಿರಲಿ, ಬಟ್ಟೆಯ ಮಡಿಕೆಯಲ್ಲಿ ವಾಸ, ನಿಧಾನವಾದ ನಡೆ ಎಂಬ ಲಕ್ಷಣಗಳು ಕೂರೆಗೆ ಅಕ್ಷರಶಃ ಒಪ್ಪುತ್ತವೆ. ಗುಜರಾತಿನ ಚೌಲುಕ್ಯರಾಜನಾದ ಕುಮಾರಪಾಲನು, ಹೇನನ್ನು ಕೊಂದ ವರ್ತಕನೊಬ್ಬನಿಂದ ಧನವನ್ನು ವಸೂಲುಮಾಡಿ, ಅದರಿಂದ ಯೂಕಾವಿಹಾರವೆಂಬ ಜಿನಾಲಯವನ್ನು ಕಟ್ಟಿಸಿದನೆಂದು ಮೇರುತುಂಗನ ಪ್ರಬಂಧಚಿಂತಾಮಣಿಯು ಹೇಳುತ್ತದೆ. ಹೇನಿನ ಹೆಸರಿನ ದೇವಾಲಯದ ಸುದ್ದಿ ಬೇರೆಲ್ಲಿಯಾದರೂ ದೊರೆಯುವುದು ಕಷ್ಟ.

೧೬೬೫ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಲ್ಲಿ ಕಂಡ ವಸ್ತುಗಳ ಚಿತ್ರಗಳನ್ನು ಗ್ರಂಥರೂಪವಾಗಿ ಪ್ರಕಟಿಸಿದನು. ಕೂದಲೆಳೆಯೊಂದನ್ನು ಹಿಡಿದಿರುವ ಹೇನಿನ ಚಿತ್ರವು ಅದರಲ್ಲಿ ಮಡಿಸಿಟ್ಟ ದೊಡ್ಡ ಹಾಳೆಯ ಮೇಲಿದೆ. ತನ್ನ ಮೈಮೇಲೆಯೇ ಇದ್ದ ಪ್ರಾಣಿಯ ಮುಖವನ್ನು ಐರೋಪ್ಯ ಸಮಾಜವು ಮೊದಲ ಬಾರಿಗೆ ಕಂಡು ಬೆರಗಾಯಿತು. ಆದರೆ ಆ ಪ್ರಾಣಿಯು ಏನನ್ನು ಹೊತ್ತು ತಿರುಗುತ್ತಿದೆಯೆಂಬುದು ಆಗ ಯಾರಿಗೂ ತೋರಲಿಲ್ಲ.

ಯುದ್ಧ, ಕ್ಷಾಮ, ಸೆರೆಮನೆ, ಇವುಗಳ ಬೆನ್ನು ಹಿಡಿದು ಬರುತ್ತಿದ್ದ ಜ್ವರವೊಂದು ಯೂರೋಪನ್ನು ಶತಮಾನಗಳ ಕಾಲ ಕಾಡಿತು. ತೀವ್ರವಾದ ಜ್ವರ, ಮೈಮೇಲೆ ಕೆಂಪು ಗುಳ್ಳೆ, ಬಳಿಕ ಬುದ್ಧಿಗೆ ಮಂಕು. ಇದರ ಹೆಸರು ಟೈಫಸ್. ಹೊಗೆ, ಮಬ್ಬು ಎಂಬ ಅರ್ಥದ ಗ್ರೀಕ್ ಶಬ್ದದಿಂದ ಬಂದ ಹೆಸರಿದು. ನಮ್ಮಲ್ಲಿ ವಿಷಮಶೀತಜ್ವರವೆನ್ನುವ ಟೈಫಾಯ್ಡ್ ಬೇರೆ. ಅದು ನೀರು ಆಹಾರಗಳಿಂದ ಬರುತ್ತದೆ. ೧೮೧೨ರಲ್ಲಿ ರಷ್ಯದ ಮೇಲೆ ದಂಡೆತ್ತಿ ಹೋದ ನೆಪೋಲಿಯನ್ನನ ಐದಾರು ಲಕ್ಷ ಸೈನಿಕರಲ್ಲಿ ಹಿಂದಿರುಗಿದವರು ಅತ್ಯಲ್ಪ. ಲಿಥುವೇನಿಯದ ವಿಲ್ನಿಯಸ್ ನಗರದಲ್ಲಿ ೨೦೦೧ರಲ್ಲಿ ಆ ಸೈನಿಕರ ಸಾಮೂಹಿಕ ಸಮಾಧಿ ಸಿಕ್ಕಿತು. ಅಲ್ಲಿಯ ಮಣ್ಣಿನಲ್ಲಿ ಕೂರೆಯ ಅವಶೇಷಗಳಿದ್ದುವು. ಕೂರೆಯಿಂದ ಹರಡುವ ರೋಗಗಳ ಗುರುತು ಸೈನಿಕರ ಹಲ್ಲುಗಳಲ್ಲಿ ದೊರೆಯಿತೆಂದು ೨೦೦೬ರಲ್ಲಿ ಪ್ರಕಟವಾಯಿತು. ೨೦೨೫ರಲ್ಲಿ ಬೇರೆ ಹದಿಮೂರು ಮಂದಿಯ ಹಲ್ಲುಗಳನ್ನು ಹೊಸ ವಿಧಾನದಿಂದ ಪರೀಕ್ಷಿಸಿದಾಗ ಟೈಫಸ್ ಕಾಣಿಸದೆ, ಕೂರೆಯಿಂದಲೇ ಹರಡುವ ಮರುಕಳಿಸುವ ಜ್ವರದ ಗುರುತೂ, ಆಹಾರದ ಕಲ್ಮಷದಿಂದ ಬರುವ ಪ್ಯಾರಾಟೈಫಾಯ್ಡಿನ ಗುರುತೂ ಕಾಣಿಸಿದುವು. ಚಕ್ರವರ್ತಿಯ ಸೇನೆಯನ್ನು ಚಳಿಯೊಂದೇ ಕೊಲ್ಲಲಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ಕೂರೆಯು ರೋಗವಾಹಕವೆಂಬುದಕ್ಕೆ ಮೊದಲ ಆಧಾರವೊಂದು ದೊರೆತದ್ದು ನಮ್ಮ ದೇಶದಲ್ಲಿಯೇ. ೧೯೦೭ರಲ್ಲಿ ನಾಸಿಕದ ಬಳಿಯ ಮಿಷನ್ ವಸತಿಯೊಂದರಲ್ಲಿ ಮರುಕಳಿಸುವ ಜ್ವರವು ಹಬ್ಬಿದಾಗ, ಭಾರತೀಯ ವೈದ್ಯ ಸೇವೆಯ ಮ್ಯಾಕಿ ಎಂಬ ಅಧಿಕಾರಿಯು ಒಂದು ವಿಶೇಷವನ್ನು ಕಂಡನು. ಹುಡುಗರಲ್ಲಿ ರೋಗ ಹೆಚ್ಚು, ಹುಡುಗಿಯರಲ್ಲಿ ಕಡಿಮೆ. ಹುಡುಗರ ಬಟ್ಟೆಗಳಲ್ಲಿ ಕೂರೆಯೂ ಹೆಚ್ಚು. ಆ ಕೂರೆಗಳನ್ನು ಪರೀಕ್ಷಿಸಿದಾಗ ಅವುಗಳ ಹೊಟ್ಟೆಯಲ್ಲಿ ರೋಗಾಣುಗಳಿದ್ದುವು.

ಎರಡು ವರ್ಷಗಳ ಅನಂತರ, ಆಫ್ರಿಕಾದ ಟ್ಯೂನಿಸ್ ನಗರದ ಪಾಶ್ಚರ್ ಸಂಸ್ಥೆಯ ಮುಖ್ಯಸ್ಥನಾಗಿದ್ದ ಶಾರ್ಲ್ ನಿಕೋಲ್ ಎಂಬ ಫ್ರೆಂಚ್ ವೈದ್ಯನು ಟೈಫಸ್ಸಿನ ಗುಟ್ಟನ್ನು ಬಿಡಿಸಿದನು. ಅವನು ಕಂಡದ್ದು ಸರಳವಾದ ಸಂಗತಿ. ರೋಗಿಯು ಆಸ್ಪತ್ರೆಯ ಬಾಗಿಲಿಗೆ ಬರುವವರೆಗೂ ಸುತ್ತಲಿನವರಿಗೆ ರೋಗವನ್ನು ಅಂಟಿಸುತ್ತಾನೆ. ಅವನನ್ನು ಒಳಗೆ ಸೇರಿಸಿಕೊಳ್ಳುವ ಸಿಬ್ಬಂದಿಗೂ ಅವನ ಬಟ್ಟೆಗಳನ್ನು ಮುಟ್ಟುವವರಿಗೂ ರೋಗ ತಗಲುತ್ತದೆ. ಸ್ನಾನಮಾಡಿಸಿ, ಆಸ್ಪತ್ರೆಯ ಬಟ್ಟೆಯನ್ನುಡಿಸಿ ಒಳಗೆ ಮಲಗಿಸಿದ ಮೇಲೆ ಪಕ್ಕದ ಹಾಸಿಗೆಯವನಿಗೂ ಅಂಟುವುದಿಲ್ಲ. ಬಾಗಿಲಲ್ಲಿ ಉಳಿದುಹೋದದ್ದು ಏನು? ಕೊಳೆಬಟ್ಟೆ, ಅದರೊಳಗಿನ ಕೂರೆ. ನಿಕೋಲನು ಕೋತಿಗಳ ಮೇಲೆ ಪ್ರಯೋಗ ನಡೆಸಿ, ರೋಗಿ ಕೋತಿಯ ಮೇಲಿದ್ದ ಕೂರೆಗಳನ್ನು ಆರೋಗ್ಯವಾಗಿದ್ದ ಕೋತಿಗಳ ಮೇಲೆ ಬಿಟ್ಟು, ಇದನ್ನು ಸ್ಥಾಪಿಸಿದನು. ಅದೂ ೧೯೦೯ರಲ್ಲಿಯೇ. ಮೈಸೂರಿನಲ್ಲಿ ಯೂಕೆಯ ಅಳತೆಯುಳ್ಳ ಗ್ರಂಥವು ಅಚ್ಚಾದ ವರ್ಷದಲ್ಲಿಯೇ ಟ್ಯೂನಿಸಿನಲ್ಲಿ ಯೂಕೆಯ ಅಪರಾಧವು ಬಯಲಾಯಿತು. ಈ ಕಾರ್ಯಕ್ಕಾಗಿ ಅವನಿಗೆ ೧೯೨೮ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಕೂರೆಯು ಕಚ್ಚುವುದರಿಂದ ರೋಗ ಬರುವುದಿಲ್ಲವೆಂದೂ, ಅದರ ಮಲವು ಕೆರೆದ ಗಾಯದ ಮೂಲಕ ರಕ್ತಕ್ಕೆ ಸೇರುವುದರಿಂದ ಬರುವುದೆಂದೂ ಮುಂದೆ ತಿಳಿಯಿತು. ರೋಗಿಯ ಮೈ ಜ್ವರದಿಂದ ಸುಡತೊಡಗಿದರೆ ಕೂರೆ ಅವನನ್ನು ಬಿಡುತ್ತದೆ. ಸತ್ತು ತಣ್ಣಗಾದರೂ ಬಿಡುತ್ತದೆ. ಬಿಟ್ಟು ಪಕ್ಕದವನನ್ನು ಸೇರುತ್ತದೆ. ಟೈಫಸ್ ತಗಲಿದ ಕೂರೆಯೂ ಕೆಲವು ದಿನಗಳಲ್ಲಿ ಸಾಯುತ್ತದೆ. ತಲೆಯ ಹೇನಿಗಾದರೋ ಈ ಮಾರಣಹೋಮದಲ್ಲಿ ಪಾತ್ರವಿದ್ದುದು ಕಂಡುಬಂದಿಲ್ಲ.

ಈ ಜ್ಞಾನಕ್ಕೆ ತೆತ್ತ ಬೆಲೆ ಅಲ್ಪವಲ್ಲ. ಟೈಫಸ್ಸನ್ನು ಶೋಧಿಸಲು ಹೋದ ಅಮೆರಿಕದ ರಿಕೆಟ್ಸ್ ೧೯೧೦ರಲ್ಲಿ ಮೆಕ್ಸಿಕೋ ನಗರದಲ್ಲಿ ಅದೇ ರೋಗದಿಂದ ಮಡಿದನು; ಪ್ರೊವಾಜೆಕ್ ಎಂಬ ವಿದ್ವಾಂಸನು ೧೯೧೫ರಲ್ಲಿ ಜರ್ಮನಿಯಲ್ಲಿ ಅದೇ ರೋಗದಿಂದ ಮಡಿದನು. ೧೯೧೬ರಲ್ಲಿ ಬ್ರೆಜಿಲ್ ದೇಶದ ರೋಶ ಲೀಮ ಎಂಬುವನು ರೋಗಾಣುವನ್ನು ವಿವರಿಸಿ, ಮೃತರಾದ ಆ ಇಬ್ಬರ ಹೆಸರನ್ನೇ ಅದಕ್ಕಿಟ್ಟು ರಿಕೆಟ್ಸಿಯ ಪ್ರೊವಾಜೆಕಿ ಎಂದನು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧವು ನಡೆಯುತ್ತಿತ್ತು. ಸರ್ಬಿಯ ದೇಶದಲ್ಲಿ ೧೯೧೪-೧೫ರ ಚಳಿಗಾಲದಲ್ಲಿ ಲಕ್ಷಕ್ಕೂ ಮೀರಿದ ಜನ ಟೈಫಸ್ಸಿನಿಂದ ಸತ್ತರು. ವೈದ್ಯರೂ ದಾದಿಯರೂ ರೋಗಿಗಳ ಜೊತೆಯಲ್ಲಿಯೇ ಬಿದ್ದರು. ಅಲ್ಲಿ ಬಳಸಿದ ಒಂದು ಉಪಾಯ ಬಹು ಸರಳವಾದದ್ದು: ತಳದಲ್ಲಿ ತೂತುಗಳಿರುವ ಮರದ ಪೀಪಾಯಿಯನ್ನು ಕುದಿಯುವ ಹಂಡೆಯ ಮೇಲಿಟ್ಟು, ಬಟ್ಟೆಗಳನ್ನು ಅದರೊಳಗೆ ಹಾಕಿ ಹಬೆಗೆ ಒಡ್ಡುವುದು. ನಮ್ಮ ಇಡ್ಲಿಯ ಪಾತ್ರೆಯ ತತ್ತ್ವವೇ ಅಲ್ಲಿ ಜೀವರಕ್ಷಕವಾಯಿತು. ರಷ್ಯದಲ್ಲಿ ಕ್ರಾಂತಿಯ ತರುವಾಯ, ೧೯೧೮ರಿಂದ ೧೯೨೨ರವರೆಗೆ, ೨ರಿಂದ ೩ ಕೋಟಿ ಜನರಿಗೆ ಟೈಫಸ್ ತಗಲಿ, ಸುಮಾರು ೩೦ ಲಕ್ಷ ಜನ ಸತ್ತರೆಂದು ಅಂದಾಜು. ಸಮಾಜವಾದವು ಕೂರೆಯನ್ನು ಸೋಲಿಸಬೇಕು, ಇಲ್ಲವೆ ಕೂರೆಯು ಸಮಾಜವಾದವನ್ನು ಸೋಲಿಸೀತು ಎಂಬ ಅರ್ಥದ ಮಾತನ್ನು ಲೆನಿನ್ ೧೯೧೯ರಲ್ಲಿ ಆಡಬೇಕಾಯಿತು.

ಮುಂದಿನ ಮಹಾಯುದ್ಧದ ಕಥೆ ಇನ್ನೂ ವಿಚಿತ್ರ, ಇನ್ನೂ ಘೋರ. ಅಂದಿನ ಪೋಲೆಂಡಿನ ಲ್ವೋವ್ ನಗರದಲ್ಲಿ ರುಡಾಲ್ಫ್ ವೈಗಲ್ ಎಂಬ ಪ್ರಾಧ್ಯಾಪಕನು ಕೂರೆಯ ಹೊಟ್ಟೆಯಲ್ಲಿಯೇ ರೋಗಾಣುವನ್ನು ಬೆಳೆಸಿ, ಅದರಿಂದ ಲಸಿಕೆಯನ್ನು ತಯಾರಿಸಿದ್ದನು. ಕೂರೆಗೆ ಮನುಷ್ಯನ ರಕ್ತವೇ ಆಹಾರವಷ್ಟೆ. ಆದುದರಿಂದ ಕೂರೆಗಳಿಗೆ ರಕ್ತವೂಡಿಸುವ ಜನ ಬೇಕಾದರು. ಬಲೆಬಟ್ಟೆಯ ತಳವುಳ್ಳ ಸಣ್ಣ ಡಬ್ಬಿಗಳನ್ನು ಕಾಲಿಗೆ ಕಟ್ಟಿಕೊಂಡು ಅವರು ಕುಳಿತಿರಬೇಕು. ೧೯೪೧ರಲ್ಲಿ ನಾಜಿಗಳು ಆ ನಗರವನ್ನು ಹಿಡಿದಾಗ, ಈ ಲಸಿಕೆಯು ಅವರ ಸೈನ್ಯಕ್ಕೆ ಅವಶ್ಯವಾಗಿದ್ದುದರಿಂದ, ಅಲ್ಲಿ ಕೆಲಸಮಾಡುವವರಿಗೆ ರಕ್ಷಣೆಯ ಪತ್ರ ದೊರೆಯುತ್ತಿತ್ತು. ವೈಗಲನು ಪ್ರಾಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಆ ಕೆಲಸಕ್ಕೆ ಸೇರಿಸಿಕೊಂಡು ಕಾಪಾಡಿದನು. ಲೋಕಪ್ರಸಿದ್ಧ ಗಣಿತಜ್ಞನಾದ ಸ್ಟೆಫಾನ್ ಬಾನಾಖ್ ಅವರಲ್ಲೊಬ್ಬನು. ಶತಮಾನಗಳ ಕಾಲ ಮನುಷ್ಯನನ್ನು ಕೊಂದ ಪ್ರಾಣಿಗೆ ರಕ್ತವನ್ನೂಡಿಸಿ ಮನುಷ್ಯರು ಮನುಷ್ಯರಿಂದ ತಲೆ ಉಳಿಸಿಕೊಂಡರು.

ಅದೇ ಕಾಲದಲ್ಲಿ ಪೋಲೆಂಡಿನ ಗೋಡೆಗಳ ಮೇಲೆ ಯೆಹೂದ್ಯರು, ಹೇನು, ಟೈಫಸ್ ಎಂಬ ಮೂರನ್ನೂ ಸಾಲಾಗಿ ಬರೆದ ಭಿತ್ತಿಪತ್ರಗಳು ಕಾಣಿಸಿಕೊಂಡುವು. ಲಕ್ಷಾಂತರ ಜನರನ್ನು ಗೋಡೆಯೊಳಗೆ ಕೂಡಿ, ಸೋಪನ್ನೂ ಸೌದೆಯನ್ನೂ ಅನ್ನವನ್ನೂ ತಡೆದು, ಕೂರೆ ಹುಟ್ಟುವಂತೆ ಮಾಡಿದವರೇ, ಕೂರೆ ಹುಟ್ಟಿತೆಂದು ಅವರನ್ನು ಹಳಿದರು. ಮೊದಲು ಮನುಷ್ಯನಿಗೆ ಹೇನಿನ ಹೆಸರನ್ನಿಟ್ಟರು. ಬಳಿಕ ಬಟ್ಟೆಯ ಹೇನನ್ನು ಕೊಲ್ಲಲೆಂದು ಬಳಕೆಯಲ್ಲಿದ್ದ ಜೈಕ್ಲಾನ್ ಬಿ ಎಂಬ ವಿಷವನ್ನೇ ಮನುಷ್ಯರ ಮೇಲೆ ಬಿಟ್ಟರು. ಶಬ್ದಗಳ ವಿಚಾರದಿಂದ ಆರಂಭಿಸಿದ ಈ ಉಪನ್ಯಾಸದಲ್ಲಿ ಇದನ್ನು ಹೇಳದೆ ಬಿಡುವಂತಿಲ್ಲ. ಪ್ರಾಣಿಗೆ ಸರಿಯಾದ ಹೆಸರಿಡುವುದು ಜ್ಞಾನ. ಮನುಷ್ಯನಿಗೆ ಆ ಪ್ರಾಣಿಯ ಹೆಸರಿಡುವುದು ಕೊಲೆಗೆ ಪೀಠಿಕೆ.

೧೯೪೩-೪೪ರ ಚಳಿಗಾಲದಲ್ಲಿ ಇಟಲಿಯ ನೇಪಲ್ಸ್ ನಗರಕ್ಕೆ ಟೈಫಸ್ ಬಂದಿತು. ಮಿತ್ರಪಕ್ಷದ ವೈದ್ಯದಳದವರು ಹತ್ತು ಲಕ್ಷಕ್ಕೂ ಮೀರಿದ ಜನರ ಬಟ್ಟೆಗಳೊಳಕ್ಕೆ ಡಿ. ಡಿ. ಟಿ. ಪುಡಿಯನ್ನು ಊದಿದರು, ರೋಗವು ನಡುಚಳಿಗಾಲದಲ್ಲಿಯೇ ತಗ್ಗಿತು. ಆ ಪುಡಿಯ ಕೀಟನಾಶಕ ಗುಣವನ್ನು ಕಂಡುಹಿಡಿದ ಪೌಲ್ ಮ್ಯೂಲರನಿಗೆ ೧೯೪೮ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಕೆಲವೇ ವರ್ಷಗಳಲ್ಲಿ, ಕೊರಿಯದ ಯುದ್ಧದ ಕಾಲಕ್ಕೆ, ಆ ಪುಡಿಗೆ ಜಗ್ಗದ ಕೂರೆಗಳು ಕಾಣಿಸಿಕೊಂಡುವು. ಈಗ ಟೈಫಸ್ಸಿಗೆ ಡಾಕ್ಸಿಸೈಕ್ಲಿನ್ ಎಂಬ ಒಳ್ಳೆಯ ಔಷಧವುಂಟು. ಆದರೂ ೧೯೯೭ರಲ್ಲಿ ಆಫ್ರಿಕಾದ ಬುರುಂಡಿ ದೇಶದ ನಿರಾಶ್ರಿತರ ಶಿಬಿರಗಳಲ್ಲಿ ಅದು ಮತ್ತೆ ಎದ್ದು ಹತ್ತಾರು ಸಾವಿರ ಜನರನ್ನು ಹಿಡಿಯಿತು. ಅಂತರ್ಯುದ್ಧ, ಚಳಿ, ಇಕ್ಕಟ್ಟು, ಒಂದೇ ಬಟ್ಟೆ: ಹಳೆಯ ನಾಲ್ಕು ಕಾರಣಗಳೂ ಅಲ್ಲಿ ಕೂಡಿದ್ದುವು.

ಆದುದರಿಂದ ಶಾಲೆಯಿಂದ ಬಂದ ಮಗುವಿನ ತಲೆಯಲ್ಲಿ ಹೇನು ಕಂಡರೆ ಗಾಬರಿಗೂ ನಾಚಿಕೆಗೂ ಕಾರಣವಿಲ್ಲ. ಸೀರಣಿಗೆಯೂ ತಾಳ್ಮೆಯೂ ಇದ್ದರೆ ಸಾಕು. ಆ ಮಗುವನ್ನು ಹಂಗಿಸುವುದರಿಂದ ಹೇನು ಸಾಯುವುದಿಲ್ಲ. ಕೂರೆಯಾದರೋ ಬೇರೆ ಮಾತು. ಎಲ್ಲಿ ಕೂರೆ ಕಾಣಿಸಿತೋ ಅಲ್ಲಿ ಯಾರಿಗೋ ಎರಡನೆಯ ಅಂಗಿಯಿಲ್ಲ, ನೀರು ಕಾಯಿಸಲು ಸೌದೆಯಿಲ್ಲ, ಮಲಗಲು ಸ್ಥಳವಿಲ್ಲ ಎಂದು ತಿಳಿಯಬೇಕು. ದೇಶವೊಂದರ ಸ್ಥಿತಿಯನ್ನು ಅಳೆಯಲು ಅದರ ಸೈನ್ಯವನ್ನೂ ಬೊಕ್ಕಸವನ್ನೂ ಎಣಿಸುವ ಪದ್ಧತಿಯುಂಟು. ಅರ್ಥಶಾಸ್ತ್ರದ ಹಳೆಯ ಅಳತೆಗೋಲನ್ನು ಈ ಕಾರ್ಯಕ್ಕೂ ಉಪಯೋಗಿಸಬಹುದು: ಪ್ರಜೆಗಳ ಬಟ್ಟೆಯ ಹೊಲಿಗೆಯಲ್ಲಿ ಯೂಕೆಯಿಲ್ಲದ ರಾಜ್ಯವು, ಅಷ್ಟರಮಟ್ಟಿಗೆ, ಸುರಾಜ್ಯ.